ಮೋನಾಚಾರಿಯ ಸೌದೆ ಯಂತ್ರ

ಬಹಳ ಹಿಂದೆ, ಕಗ್ಗಲಿಹಟ್ಟಿ ಅಂತ ಒಂದೂರಲ್ಲಿ, ಒಬ್ಬ ಕಮ್ಮಾರನಿದ್ದ. ಎಷ್ಟು ಹಿಂದೆ ಅಂತ ಕೇಳಬೇಡಿ. ನಾನು ಕೇಳಿದ್ದಕ್ಕೆ ನಮ್ಮಜ್ಜಿ, ಊರಿಗೆ ಕರೆಂಟಿನ ಕಂಬ ಬಂದಿತ್ತು, ಕರೆಂಟು ಮಾತ್ರ ಬಂದರೆ ಬಂತು, ಹೋದರೆ ಹೋಯ್ತು ಅನ್ನೋ ಕಾಲ ಅಂದಿದ್ದಳು. ನನಗೂ ಅಷ್ಟೇ ಗೊತ್ತು.

ಅವನ ಹೆಸರು ಮೋನಾಚಾರಿ. ಹೆಸರಲ್ಲಿ ಮೌನ ಇತ್ತೇ ಹೊರತು ಅವನ ಕೈಕಾಲಿಗೆ ಅದು ಗೊತ್ತಿರಲಿಲ್ಲವಂತೆ. ಕುಂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಮುದ್ದೆ ಉಣ್ಣುವಾಗಲೂ ತಣಿಗೆ ಹಿಡಿದು ಅಂಗಳದ ತುಂಬ ಓಡಾಡುತ್ತಿದ್ದನಂತೆ. ಅವನ ಹೆಂಡತಿ ಸಿರಿಯಮ್ಮ, ನನ್ನ ಮದುವೆಯ ದಿನ ಧಾರೆ ಮುಗಿಯೋ ತನಕ ಇವರು ಕೂತಿದ್ದೇ ಹೆಚ್ಚು ಅಂತ ನಗುತ್ತಿದ್ದಳಂತೆ.

ಆದರೆ ಅವನು ಮಾಡಿದ ಕೊಡಲಿಗೆ ಸರಿಸಾಟಿ ಇರಲಿಲ್ಲ. ಆ ಊರ ಗುಡ್ಡದಲ್ಲಿ ಬೆಳೆಯೋದು ಕಗ್ಗಲಿ, ಜಾಲಿ, ಹುಣಸೆ. ಕಗ್ಗಲಿ ಅಂದರೆ ಕಬ್ಬಿಣದ ತಮ್ಮ. ಬೇರೆ ಊರ ಕೊಡಲಿ ತಂದು ಒಂದು ಏಟು ಹಾಕಿದರೆ ಕೊಡಲಿಯ ಬಾಯೇ ಮುಕ್ಕಾಗಬೇಕು. ಮೋನಾಚಾರಿಯ ಕೊಡಲಿ ಮಾತ್ರ ಕಗ್ಗಲಿಯ ಎದೆಗೆ ಇಳಿಯುತ್ತಿತ್ತು ಅಂತ ಹೇಳ್ತಾರೆ. ಸುತ್ತಲ ಏಳು ಹಳ್ಳಿಯ ಒಲೆ ಉರಿಯುತ್ತಿದ್ದದ್ದು ಅವನ ಕೊಡಲಿಯಿಂದ ಅಂತಲೂ ಹೇಳ್ತಾರೆ.

ಅದೇ ಊರಲ್ಲಿ ದ್ಯಾವೀರಮ್ಮ ಅಂತ ಒಬ್ಬಳಿದ್ದಳು. ಗಂಡ ಕುರಿ ಹೊಡೆದುಕೊಂಡು ವರ್ಷದಲ್ಲಿ ಎಂಟು ತಿಂಗಳು ದೇಶಾಂತರ. ಮನೆಯಲ್ಲಿ ಇವಳು, ಒಬ್ಬಳು ಮಗಳು. ನೀರು, ಹೊಲ, ಸೌದೆ, ಎಲ್ಲ ಇವಳದ್ದೇ. ಗಂಡಸರಿಗಿಂತ ಚೆನ್ನಾಗಿ ಸೌದೆ ಸೀಳುತ್ತಿದ್ದಳಂತೆ. ಒಂದು ದಿನ ಹೊಸ ಕೊಡಲಿ ಬೇಕು ಅಂತ ಮೋನಾಚಾರಿಯ ಕುಲುಮೆಗೆ ಬಂದಳು. ಅವನು ಬಾಯಿ ಹದ ಮಾಡಿದ, ಸಾಣೆ ಹಿಡಿದ. ಹಿಡಿಯೋ ಮರದ ಕಾವು ಕೂಡಿಸಿದ. ಕಾವಿನ ತುದಿಗೆ ಬಡಿಯೋ ಬೆಣೆ ಮಾತ್ರ ಇನ್ನೆರಡು ಏಟು ಕೇಳುತ್ತಿತ್ತು. ಅಷ್ಟರಲ್ಲಿ ಅವನ ಮನಸ್ಸು ಇನ್ನೊಂದು ಕೆಲಸಕ್ಕೆ ಹಾರಿತ್ತು. ಸಾಕು, ತಗೊಂಡು ಹೋಗು ಅಂತ ಕೊಟ್ಟುಬಿಟ್ಟ.

ಮೂರನೇ ದಿನ ದ್ಯಾವೀರಮ್ಮ ಹುಣಸೆ ಬೊಡ್ಡೆಗೆ ಏಟು ಹಾಕಿದಾಗ ಕೊಡಲಿ ಗಂಟಿಗೆ ತಾಗಿ ಚಿಮ್ಮಿತು. ತಲೆ ಕಾವಿನಿಂದ ಕಳಚಿ ಅವಳ ಎಡಗಾಲಿಗೆ ಬಿತ್ತು. ಊರಿನವರು ಗಾಡಿಯಲ್ಲಿ ಹಾಕಿಕೊಂಡು ಪೇಟೆಗೆ ಓಡಿದರು. ಕಾಲು ಉಳಿಯಿತು, ಹಿಮ್ಮಡಿ ಮಾತ್ರ ಮತ್ತೆ ನೆಲಕ್ಕೆ ಊರಲಿಲ್ಲ. ಕುಂಟಿಕೊಂಡೇ ಮನೆಗೆ ಬಂದಳು. ಬಂದವಳು ಮೋನಾಚಾರಿಯನ್ನು ಬಯ್ಯಲಿಲ್ಲ, ಪಂಚಾಯ್ತಿಗೂ ಕರೆಯಲಿಲ್ಲ. ಅವನ ಬೀದಿಯಲ್ಲಿ ಓಡಾಡೋದನ್ನೇ ಬಿಟ್ಟಳು.

ಬೈದಿದ್ದರೆ ಅವನಿಗೆ ಒಂದಿಷ್ಟು ಹಗುರ ಆಗುತ್ತಿತ್ತೋ ಏನೋ. ಬಯ್ಯದೆ ಹೋದದ್ದು ಮುಳ್ಳಾಯ್ತು. ಅವತ್ತಿನಿಂದ ಮೋನಾಚಾರಿ ಕೊಡಲಿ ಮಾಡಲಿಲ್ಲ. ಮೊದಲು ಅಂಗಳದಲ್ಲಿ ಓಡಾಡುತ್ತಿದ್ದವನು ಈಗ ಊರೂರು ತಿರುಗತೊಡಗಿದ. ಗಾಣದ ಮುಂದೆ ನಿಲ್ಲೋನು, ಹಿಟ್ಟಿನ ಗಿರಣಿಯ ಮುಂದೆ ನಿಲ್ಲೋನು, ಅಲ್ಲಿಂದ ಎದ್ದು ಇನ್ನೊಂದೂರಿಗೆ ಹೋಗೋನು. ಏನು ಹುಡುಕುತ್ತೀರಿ ಅಂತ ಸಿರಿಯಮ್ಮ ಕೇಳಿದರೆ, ಗೊತ್ತಿದ್ದರೆ ಹುಡುಕ್ತಿದ್ದೆನಾ ಅನ್ನೋನಂತೆ.

ಒಂದು ಮಧ್ಯಾಹ್ನ ಹೆದ್ದಾರಿ ಬದಿಯಲ್ಲಿ ಕಲ್ಲು ತುಂಬಿದ ಲಾರಿಯ ಚಕ್ರ ಪಂಕ್ಚರ್ ಆಗಿತ್ತು. ಡ್ರೈವರು ಅದರ ಹೊಟ್ಟೆಯ ಕೆಳಗೆ ಗಿಡ್ಡನೆಯ ಎಣ್ಣೆ ಜಾಕಿ ಇಟ್ಟು ಸಲಾಕೆ ಆಡಿಸುತ್ತಿದ್ದ. ಸದ್ದಿಲ್ಲ, ಗದ್ದಲವಿಲ್ಲ, ಅಷ್ಟು ದೊಡ್ಡ ಲಾರಿ ಮೆಲ್ಲಗೆ ಮೇಲಕ್ಕೆದ್ದಿತು. ಮೋನಾಚಾರಿ ನೋಡಿದ. ಆಮೇಲೆ ಮೂರು ಹರದಾರಿ ದಾರಿಯನ್ನು ಓಡುತ್ತಲೇ ಬಂದನಂತೆ. ಬಾಗಿಲಲ್ಲೇ ನಿಂತು ಸಿರಿಯಮ್ಮನಿಗೆ ಹೇಳಿದ:

“ಇಷ್ಟು ದಿನ ನಾವು ಮರ ಹೊಡೀತಿದ್ವಿ ಕಣೆ. ಹೊಡೀಬಾರದು. ಒತ್ತಬೇಕು.”

ಅದಾದ ಮೇಲೆ ಕುಲುಮೆ ತಣ್ಣಗಾಗಲೇ ಇಲ್ಲ. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟ್ರು ತಂದು ತಂತಿ ಹೊಸದಾಗಿ ಸುತ್ತಿಸಿದ. ಮುರಿದ ಲಾರಿಯ ಉಕ್ಕಿನ ತೊಲೆ ತಂದ. ಜಾಕಿಯ ಹೊಟ್ಟೆ ಬಿಚ್ಚಿ ಅದರ ಗುಟ್ಟು ನೋಡಿದ. ತೊಲೆಯ ಈ ತುದಿಗೆ ಕೊರಡು ಆನಿಸೋ ಗೋಡೆ, ಆ ತುದಿಯಿಂದ ಬರೋ ಉಕ್ಕಿನ ಬೆಣೆ. ಮೋಟ್ರು ಎಣ್ಣೆಯನ್ನು ಒತ್ತುತ್ತೆ, ಎಣ್ಣೆ ಬೆಣೆಯನ್ನು ಒತ್ತುತ್ತೆ, ಬೆಣೆ ಕೊರಡನ್ನು ಒತ್ತುತ್ತೆ. ಎಷ್ಟು ತಿಂಗಳು ಹಿಡಿಯಿತೋ, ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಅಂಗಳದಲ್ಲಿ ಅದನ್ನಿಟ್ಟು ಮೊದಲ ಸಲ ಗುಂಡಿ ಒತ್ತಿದ ದಿನ ಊರೆಲ್ಲ ನೆರೆದಿತ್ತಂತೆ. ಮೋಟ್ರು ಗುಯ್ ಅಂದಿತು. ಬೆಣೆ ಆಮೆಯ ಹಾಗೆ ಬಂತು. ಎಂಥ ಗಂಡಾಳಿಗೂ ಬಗ್ಗದಿದ್ದ ಕಗ್ಗಲಿ ಕೊರಡು ಕಟಕಟ ಅಂತ ಹಲ್ಲು ಕಡಿದು ಎರಡು ಹೋಳಾಗಿ ಆ ಕಡೆ ಈ ಕಡೆ ಮಲಗಿತು.

ಒಳಗೆ ಯಾವುದೋ ಗಾಳಿ ಸೇರಿಕೊಂಡಿದೆ ಅಂದವರೂ ಇದ್ದರು. ಮಾರನೇ ದಿನ ಅವರೇ ಕೊರಡು ಹೊತ್ತುಕೊಂಡು ಬಂದು ಸಾಲಲ್ಲಿ ನಿಂತರು. ಮುದುಕಿಯರು ಬಂದರು, ಬಸುರಿಯರು ಬಂದರು, ಗಂಡನಿಲ್ಲದ ಮನೆಯವರು ಬಂದರು. ದ್ಯಾವೀರಮ್ಮ ಮಾತ್ರ ಬರಲಿಲ್ಲ. ಗುಡ್ಡದಲ್ಲಿ ಚಕ್ಕೆ, ಪುಳ್ಳೆ ಆಯ್ದುಕೊಂಡು, ಒಲೆಗೆ ಅದನ್ನೇ ಒಡ್ಡಿಕೊಂಡು ಇದ್ದಳು.

ಮೋನಾಚಾರಿಗೆ ಈಗಲಾದರೂ ನೆಮ್ಮದಿ ಬಂತಾ? ಇಲ್ಲ. ಕರೆಂಟು ಇರೋದು ಗಳಿಗೆ ಹೊತ್ತು. ಹೋಗೋದರೊಳಗೆ ಇನ್ನೊಂದು ಕೊರಡು, ಇನ್ನೊಂದು ಕೊರಡು ಅಂತ ಅವನಿಗೆ ಒದ್ದಾಟ. ಅವನು ಗುಂಡಿಯ ಹತ್ತಿರ, ಸಿರಿಯಮ್ಮ ಕೊರಡಿನ ಹತ್ತಿರ. ಒಂದು ದಿನ ಸೊಟ್ಟ ಹುಣಸೆ ಕೊರಡೊಂದು ಬಂತು. ಇಟ್ಟರೆ ಉರುಳುತ್ತಿತ್ತು. ಸಿರಿಯಮ್ಮ ಬಲಗೈಯಲ್ಲಿ ಅದನ್ನು ಹಿಡಿದುಕೊಂಡು, ತಡೀರಿ ಅಂದಳು. ಮೋಟ್ರಿನ ಸದ್ದಿಗೆ ಅವನಿಗೆ ಅದು ಕೇಳಲಿಲ್ಲ ಅಂತಾರೆ. ಕೇಳಿತು, ಆದರೆ ಕೈ ನಿಲ್ಲಲಿಲ್ಲ ಅಂತ ಅವನೇ ಆಮೇಲೆ ಹೇಳಿದನಂತೆ.

ಎರಡು ಬೆರಳು ಹೋದವು.

ಊರಿನ ಹಿರಿಯರು ಬಂದು, ಇದು ರಕ್ತ ರುಚಿ ನೋಡಿದೆ ಆಚಾರಿ, ಬಾವಿಗೆ ಹಾಕು ಅಂದರು. ಮೋನಾಚಾರಿ ಆಯ್ತು ಅಂದ. ಹಗ್ಗ ತಂದ, ತೊಲೆಗೆ ಬಿಗಿದ, ಎಳೆಯೋಕೆ ಎತ್ತು ಕಟ್ಟಿದ. ಆಗ ಸಿರಿಯಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ಹೊರಗೆ ಬಂದು ಎತ್ತಿನ ಮುಂದೆ ನಿಂತಳು.

“ಬಾವಿಗೆ ಹಾಕಿದರೆ ನನ್ನ ಬೆರಳು ಬರ್ತವಾ?” ಅಂದಳು. “ಯಂತ್ರದ ತಪ್ಪಲ್ಲ ಇದು. ಆತುರದ್ದು. ಆತುರ ಮಾಡೋ ಮನುಷ್ಯರು ಊರಲ್ಲಿ ನೀವೊಬ್ಬರೇ ಅಲ್ಲ. ಎಷ್ಟೇ ಆತುರದವನು ಬಂದರೂ ಇದು ಕೈ ತಿನ್ನಬಾರದು. ಹಂಗೆ ಮಾಡಿ. ಮಾಡೋ ತನಕ ನನ್ನ ಮುಂದೆ ಬಾವಿ ಮಾತು ಎತ್ತಬೇಡಿ.”

ಅವನು ಎತ್ತು ಬಿಚ್ಚಿದ.

ಅವನು ಮಾಡಿದ್ದೇನು ಅಂದರೆ, ಮೊದಲು ಗುಂಡಿ ಒತ್ತಿದರೆ ಸಾಕು, ಬೆಣೆ ಬರುತ್ತಿತ್ತಲ್ಲ, ಅದನ್ನು ತೆಗೆದ. ಗುಂಡಿಗೆ ಮೋಟ್ರು ಮಾತ್ರ ತಿರುಗಬೇಕು. ಬೆಣೆ ಬರಬೇಕಾದರೆ ಎರಡು ಹಿಡಿ ಬೇಕು, ಒಂದು ಎಡಕ್ಕೆ, ಒಂದು ಬಲಕ್ಕೆ, ನಡುವೆ ಎರಡು ಮೊಳ ಅಂತರ. ಎರಡನ್ನೂ ಒಟ್ಟಿಗೆ ಅದುಮಿದರೆ ಮಾತ್ರ ಎಣ್ಣೆ ಮುಂದಕ್ಕೆ ಹರಿಯುತ್ತೆ. ಒಂದನ್ನು ಬಿಟ್ಟರೂ ಎಣ್ಣೆ ಹಿಂದಕ್ಕೆ, ಬೆಣೆ ಹಿಂದಕ್ಕೆ. ಎರಡು ಕೈಯೂ ಹಿಡಿಯ ಮೇಲಿದ್ದರೆ ಕೊರಡಿನ ಹತ್ತಿರ ಇರೋಕೆ ಮೂರನೇ ಕೈ ಎಲ್ಲಿಂದ ಬರಬೇಕು? ಉರುಳೋ ಕೊರಡನ್ನು ಹಿಡಿದುಕೊಳ್ಳೋಕೆ ತೊಲೆಗೇ ಎರಡು ಉಕ್ಕಿನ ರೆಕ್ಕೆ ಬೆಸೆದ. ಹತ್ತಿರ ಇನ್ನೊಬ್ಬರು ನಿಲ್ಲೋ ಕೆಲಸವೇ ಬೇಡ. ಹೇಳೋಕೆ ಸುಲಭ. ಮಾಡಿ, ಬಿಚ್ಚಿ, ಮತ್ತೆ ಮಾಡಿ, ಬೆಸುಗೆ ಬಿಟ್ಟು, ಎಣ್ಣೆ ಸೋರಿ, ಒಂದು ಸುಗ್ಗಿ ಹೋಗಿ ಇನ್ನೊಂದು ಸುಗ್ಗಿ ಬಂತಂತೆ.

ಮುಗೀತು. ಆದರೆ ಯಾರೂ ಬರಲಿಲ್ಲ. ಸಿರಿಯಮ್ಮನ ಕೈ ನೋಡಿದವರು ಯಾರು ಬರ್ತಾರೆ? ಅವನು, ಸಿರಿಯಮ್ಮ ಇಬ್ಬರೇ ಅಂಗಳದಲ್ಲಿ ಸೌದೆ ಸೀಳಿ ಜೋಡಿಸಿದರು. ಜನ ಬೇಲಿಯಾಚೆ ನೋಡಿ ಹೋದರು.

ಆ ವರ್ಷ ಆಶ್ಲೇಷ ಮಳೆ ಹಿಡಿದರೆ ಬಿಡಲಿಲ್ಲ. ಹನ್ನೊಂದು ದಿನ ಜಡಿ ಅಂತ ಹೇಳ್ತಾರೆ. ಗುಡ್ಡದ ಪುಳ್ಳೆಯೆಲ್ಲ ನೆಂದು ಕೊಳೆಯಿತು. ಆ ಜಡಿಯಲ್ಲೇ ದ್ಯಾವೀರಮ್ಮನ ಮಗಳು ತವರಿಗೆ ಬಂದು ಹೆತ್ತಳು. ಬಾಣಂತಿಗೆ ಹಂಡೆ ತುಂಬ ಬಿಸಿನೀರು ಬೇಕು, ಮಗುವಿಗೆ ಕಾವು ಬೇಕು. ಮನೆಯಲ್ಲಿದ್ದದ್ದು ಸೂರಿನಡಿ ಒಣಗಿದ ನಾಲ್ಕು ಕಗ್ಗಲಿ ಕೊರಡು, ಇಡಿಯಾಗಿ ಒಲೆಗೆ ಹೋಗದಂಥವು. ಕುಂಟು ಕಾಲಲ್ಲಿ ನಿಂತು ಕೊಡಲಿ ಎತ್ತೋಕೆ ಅವಳಿಂದ ಆಗಲಿಲ್ಲ. ಮೂರನೇ ದಿನ ಮಗು ತಣ್ಣಗಾಗತೊಡಗಿತು. ಅಳೋದನ್ನೂ ಕಡಿಮೆ ಮಾಡಿತು.

ಆಗ ದ್ಯಾವೀರಮ್ಮ ಗೋಣಿ ಕೊಪ್ಪೆ ಹಾಕಿಕೊಂಡು, ನೆಂಟರ ಗಾಡಿಯಲ್ಲಿ ಆ ನಾಲ್ಕು ಕೊರಡು ಹೇರಿಕೊಂಡು, ಎಷ್ಟೋ ವರ್ಷದ ಮೇಲೆ ಆ ಬೀದಿಗೆ ಬಂದಳು. ಊರು ಅವಳ ಹಿಂದೆಯೇ ಬಂತು. ಮೋನಾಚಾರಿಯ ಮುಖವನ್ನು ಅವಳು ನೋಡಲಿಲ್ಲವಂತೆ. ಸಿರಿಯಮ್ಮನ ಕಡೆ ತಿರುಗಿ ಒಂದೇ ಮಾತು ಕೇಳಿದಳು.

“ಇದನ್ನು ನಂಬಬಹುದೇನೇ ತಂಗಿ?”

“ನಾನು ದಿನಾ ಸೀಳ್ತಿದ್ದೀನಿ ಅಕ್ಕ,” ಅಂದಳು ಸಿರಿಯಮ್ಮ.

ದ್ಯಾವೀರಮ್ಮ ಇನ್ನೂ ಅನುಮಾನಿಸುತ್ತಿದ್ದಳು. ಆಗ ಮೋನಾಚಾರಿ ಏನು ಮಾಡಿದ ಗೊತ್ತಾ? ಮಳೆಗೆ ಯಂತ್ರವನ್ನು ಸೂರಿನಡಿ ಸರಿಸಿದ್ದರು, ಕರೆಂಟೂ ಇತ್ತು. ಗುಂಡಿ ಒತ್ತಿದ, ಮೋಟ್ರು ಗುಯ್ ಅಂದಿತು. ಹೋಗಿ ತನ್ನ ಬಲಗೈಯನ್ನು, ಅನ್ನ ಕೊಡೋ ಕೈಯನ್ನು, ಬೆಣೆಗೂ ಕೊರಡಿಗೂ ನಡುವೆ ಇಟ್ಟ. ಆ ಎಡಗಡೆ ಹಿಡಿ ಅದುಮಕ್ಕ ಅಂದ. ಅವಳು ಆಗಲ್ಲ ಅಂದಳು. ಅವನು, ನಿನ್ನ ಕಾಲಿನ ಲೆಕ್ಕದಲ್ಲಾದರೂ ಅದುಮು ಅಂದ. ದ್ಯಾವೀರಮ್ಮ ಸಿರಿಯಮ್ಮನನ್ನು ನೋಡಿದಳು. ಸಿರಿಯಮ್ಮ ಹೂಂ ಅಂತ ತಲೆ ಆಡಿಸಿದಳು. ದ್ಯಾವೀರಮ್ಮ ಒಂದು ಹಿಡಿಯನ್ನು ಪೂರ್ತಿ ಅದುಮಿದಳು.

ಮೋಟ್ರು ಗುಯ್ ಅನ್ನುತ್ತಲೇ ಇತ್ತು. ಬೆಣೆ ಕೂದಲೆಳೆಯಷ್ಟೂ ಜರುಗಲಿಲ್ಲ. ಎಡಗಡೆಯದನ್ನು ಬಿಡಿಸಿ ಬಲಗಡೆಯದನ್ನು ಅದುಮು ಅಂದ. ಆಗಲೂ ಜರುಗಲಿಲ್ಲ. ಅಷ್ಟು ಹೊತ್ತೂ ಮೋನಾಚಾರಿ ಕಲ್ಲು ನೆಟ್ಟ ಹಾಗೆ ನಿಂತಿದ್ದನಂತೆ. ಅವನು ಅಲ್ಲಾಡದೆ ನಿಂತದ್ದನ್ನು ಊರು ನೋಡಿದ್ದು ಅವತ್ತೇ.

ಕೆಲವರು, ಇಟ್ಟದ್ದು ಕೈಯಲ್ಲ, ಸೋರೆಕಾಯಿ ಅಂತಾರೆ. ಇರಬಹುದು. ನಮ್ಮಜ್ಜಿ ಕೈ ಅಂತಲೇ ಹೇಳುತ್ತಿದ್ದಳು. ನಾನೂ ಕೈ ಅಂತಲೇ ಹೇಳ್ತೀನಿ.

ಅವನು ಕೈ ತೆಗೆದು ದೂರ ಸರಿದ. ದ್ಯಾವೀರಮ್ಮ ಎರಡು ಹಿಡಿಯನ್ನೂ ಹಿಡಿದು, ಒಳ್ಳೆ ಕಾಲಿನ ಮೇಲೆ ಭಾರ ಹಾಕಿ ಅದುಮಿದಳು. ಮೊದಲನೇ ಕೊರಡು ಸೀಳಿತು. ಎರಡನೆಯದರ ಗಂಟು ಅಡ್ಡ ಬಂತು, ಬೆಣೆ ನಿಂತಿತು. ದೂರದಲ್ಲಿ ಮೋನಾಚಾರಿಗೆ ಮತ್ತೆ ಚಡಪಡಿಕೆ ಶುರುವಾಯ್ತು, ಓಡಿ ಬಂದು ತಾನೇ ಕೊರಡು ಎಳೆಯಲಾ ಅಂತ ಹೆಜ್ಜೆ ಎತ್ತಿದ. ದ್ಯಾವೀರಮ್ಮ ಅವತ್ತು ಮೊದಲ ಸಲ ಅವನ ಮುಖ ನೋಡಿ ಮಾತಾಡಿದಳು.

“ನೀನು ಅಲ್ಲೇ ನಿಂತ್ಕೊ ಆಚಾರಿ. ನಿನ್ನ ಒದ್ದಾಟ ನೋಡಿದರೆ ನನಗೂ ಆತುರ ಹತ್ತುತ್ತದೆ.”

ಅವನು ಅಲ್ಲೇ ನಿಂತ. ಅವಳು ಹಿಡಿ ಬಿಟ್ಟಳು, ಬೆಣೆ ಹಿಂದಕ್ಕೆ ಹೋಯಿತು. ಸೀಳದ್ದನ್ನು ಜಬರದಸ್ತಿ ಮಾಡದೆ ತಿರುಗಿಸಿ, ನಾರು ನೋಡಿ ಇಟ್ಟಳು. ಮತ್ತೆ ಅದುಮಿದಳು. ಬಾಯಿ ಬಿಟ್ಟಿತು. ನಾಲ್ಕು ಕೊರಡೂ ಒಲೆಗಾಗುವ ಹೋಳಾದವು. ಕೊನೆಯದು ಬಿದ್ದ ಮೇಲೆ ಕರೆಂಟು ಹೋಯ್ತು ಅಂತಾರೆ. ಸಿರಿಯಮ್ಮ ತನ್ನ ಒಣ ಸೌದೆಯನ್ನೂ ಗಾಡಿಗೆ ತುಂಬಿದಳು. ಆ ಸಂಜೆ ದ್ಯಾವೀರಮ್ಮನ ಬಚ್ಚಲಲ್ಲಿ ಹಂಡೆ ಕುದಿಯಿತು. ಬಾಣಂತಿ ಮಿಂದಳು. ಮಗು ಬೆಚ್ಚಗಾಗಿ, ಊರಿಗೆಲ್ಲ ಕೇಳೋ ಹಾಗೆ ಅತ್ತಿತು. ಆ ಮಗುವೇ ನಮ್ಮಜ್ಜಿ ಅಂತ ನಮ್ಮ ಮನೆಯಲ್ಲಿ ಹೇಳ್ತಾರೆ. ಊರಲ್ಲಿ ಇನ್ನೂ ನಾಲ್ಕು ಮನೆಯವರು ತಮ್ಮಜ್ಜಿ ಅಂತಾರೆ.

ಮಾರನೇ ದಿನದಿಂದ ಜನ ಮತ್ತೆ ಬಂದರು. ಮೋನಾಚಾರಿ ಬೇರೆ ಊರಿಗೂ ಅಂಥ ಯಂತ್ರ ಮಾಡಿಕೊಟ್ಟ, ಒಂದೊಂದಕ್ಕೂ ಎರಡೆರಡು ಹಿಡಿ. ಒಂದೇ ಹಿಡಿ ಸಾಕು, ಕೆಲಸ ಬೇಗ ಆಗುತ್ತೆ ಅಂದವರನ್ನು ಅಂಗಳದಿಂದ ಆಚೆ ಕಳಿಸಿದ. ಕೊನೆಗೆ ಅವನು ಹೋದದ್ದೂ ದಾರಿಯ ಮೇಲೆಯೇ. ಯಾವುದೋ ಊರಲ್ಲಿ ಒಂದು ಹಿಡಿ ಸಡಿಲವಾಗಿದೆ ಅಂತ ಸುದ್ದಿ ಬಂತು. ಗಾಡಿ ಬರೋ ತನಕ ಕಾಯಿರಿ ಅಂದರೂ ಕಾಯಲಿಲ್ಲ, ನಡೆದುಕೊಂಡು ಹೊರಟ. ಹಳ್ಳದ ದಿಣ್ಣೆಯ ಮೇಲೆ ಸುಸ್ತಾಗಿ ಮಲಗಿದವನು ಏಳಲಿಲ್ಲ. ಕೈಯಲ್ಲಿ ಸ್ಪ್ಯಾನರ್ ಇತ್ತಂತೆ.

ಈಗ ಕಗ್ಗಲಿಹಟ್ಟಿಯಲ್ಲೂ ಗ್ಯಾಸು ಬಂದಿದೆ. ಆದರೂ ಹಂಡೆ ಒಲೆ ಆರಿಲ್ಲ. ಅಂಗಡಿಯಿಂದ ತಂದ, ಪ್ಲಗ್ಗು ಚುಚ್ಚಿದರೆ ಓಡೋ ಸಣ್ಣ ಸೌದೆ ಯಂತ್ರ ಹತ್ತಾರು ಮನೆಯಲ್ಲಿದೆ. ಬಾಣಂತಿ ಇರೋ ಮನೆಗೆ ಮೊದಲ ಹೊರೆ ಕೊಟ್ಟೇ ಅವರು ತಮ್ಮ ಒಲೆ ಹಚ್ಚೋದು. ಮತ್ತೆ ಒಂದು ರೂಢಿ ಇದೆ, ನೀವು ಹೋದರೆ ನೋಡ್ತೀರಿ. ಮೋಟ್ರು ಹಾಕೋ ಮುಂಚೆ, ಹಾಕೋರು ಜೋರಾಗಿ “ಕೈ ಎಲ್ಲಿ?” ಅಂತ ಕೂಗ್ತಾರೆ. ಅಂಗಳದಲ್ಲಿ ಇರೋರೆಲ್ಲ, ದೊಡ್ಡವರು, ಚಿಕ್ಕವರು, ಜಗುಲಿಯಲ್ಲಿ ಕೂತ ನೆಂಟರು, ಎರಡು ಕೈಯನ್ನೂ ಮೇಲೆತ್ತಿ ತೋರಿಸ್ತಾರೆ. ಎಣಿಸಿ ನೋಡಿದ ಮೇಲೆಯೇ ಗುಂಡಿ ಒತ್ತೋದು. ಹೊಸಬರು ಇದೇನು ಆಟ ಅಂತ ನಗ್ತಾರೆ, ನಗ್ತಾನೇ ಕೈ ಎತ್ತುತ್ತಾರೆ. ಇದನ್ನು ಶುರು ಮಾಡಿದ್ದು ಮೋನಾಚಾರಿ ಅಂತೆ. ಅವನು ಬದುಕಿರೋ ತನಕ ಸಿರಿಯಮ್ಮನೂ ಎತ್ತುತ್ತಿದ್ದಳಂತೆ, ಎಂಟು ಬೆರಳು. ಅವನು ಒಂದೊಂದನ್ನೂ ನೋಡಿ ಆಮೇಲೆ ಮೋಟ್ರು ಹಾಕುತ್ತಿದ್ದನಂತೆ.