ಒಂಟಿಕಾಲಿನ ಪಾಠ

ಕೆರೆಯಲ್ಲಿ ಮರಿಗಳಿಗೆ ಮೀನು ಹಿಡಿಯಲು ಕಲಿಸುತ್ತಿದ್ದ ಕೊಕ್ಕರೆ ಮೇಷ್ಟ್ರ ಬಳಿಗೆ ತಾಯಿ ಕೊಕ್ಕರೆಯೊಂದು ತನ್ನ ಒಂಟಿಕಾಲಿನ ಮಗಳನ್ನು ಕರೆತಂದಿತು.

"ಇವಳನ್ನೂ ಸೇರಿಸಿಕೊಳ್ಳಿ ಮೇಷ್ಟ್ರೇ. ಕಲಿಯದಿದ್ದರೆ ಹಸಿದು ಸಾಯುತ್ತಾಳೆ."

ಒಂದು ಕಾಲು ಮಡಚಿ ನಿಂತಿದ್ದ ಮೇಷ್ಟ್ರು, "ನಮ್ಮ ಶಾಲೆ ಎಲ್ಲರಿಗೂ ತೆರೆದಿದೆಯಮ್ಮಾ. ಆದರೆ ಒಂಟಿಕಾಲಿನವರು ಇಲ್ಲಿ ನಿಲ್ಲಲಾರರು" ಎಂದರು.

"ತಾವೂ ಒಂದೇ ಕಾಲಿನ ಮೇಲೆ ನಿಂತಿದ್ದೀರಲ್ಲ?" ಎಂದಿತು ಮರಿ.

"ನನ್ನದು ವಿದ್ಯೆ, ನಿನ್ನದು ಊನ. ಹೋಗಿ ದಡದಲ್ಲಿರು."

ಅಂದಿನ ಪಾಠ ಒಂಟಿಕಾಲಿನಲ್ಲಿ ನಿಲ್ಲುವುದು. ಶಿಷ್ಯರೆಲ್ಲ ತೂರಾಡಿ ಕೆಸರಿಗೆ ಬಿದ್ದರು. ದಡದ ಮರಿ ಮಾತ್ರ ಅಲುಗದೆ ನಿಂತು, ಹತ್ತಿರ ಬಂದ ಮೀನನ್ನು ಕುಕ್ಕಿ ಹಿಡಿಯಿತು.

ಮೇಷ್ಟ್ರು ಶಿಷ್ಯರನ್ನು ಗದರಿದರು: "ಅವಳನ್ನು ನೋಡಿ ಕಲಿಯಿರೋ!"

"ಹಾಗಾದರೆ ತರಗತಿಗೆ ಕಳಿಸಲೇ?" ಎಂದು ತಾಯಿ ಆಸೆಯಿಂದ ಕೇಳಿತು.

"ಛೆ, ಅಂಥವರಿಗೆ ಕಲಿಸುವ ತರಬೇತಿ ನನಗಾಗಿಲ್ಲ."