ಹುಲಿಗೆಮ್ಮನ ತತ್ತಿ, ಯಂಕೋಬನ ಫ್ಯಾನು

"ತತ್ತಿ ಕಾವು ಆರಬಾರದು ನೋಡ್ರಿ," ಅಂದಳು ಹುಲಿಗೆಮ್ಮ. ಅದೇ ಅವಳ ಕಡೇ ಮಾತು.

ಅವಳ ಗಂಡ ಯಂಕೋಬ. ಓಣಿಗೆಲ್ಲ ಪೆದ್ದ ಯಂಕೋಬ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅವಳನ್ನು ಮಣ್ಣು ಮಾಡಿ ಬಂದವನು ಕಾವಿನ ಪೆಟ್ಟಿಗೆ ಮುಂದೆ ಕೂತ. ಕರೆಂಟಿನ ಪೆಟ್ಟಿಗೆ ಅದು. ಒಳಗೆ ಬಲ್ಬು. ಕೆಳಗೆ ಅವಳೇ ಜೋಡಿಸಿಟ್ಟ ಕೋಳಿ ತತ್ತಿ.

ಅವ್ವ ಹಣೆ ಬಡಿದುಕೊಂಡಳು. "ಎಂಥಾ ಮಗನ್ನ ಹಡದೆನೋ! ಅಕಿ ಇದ್ಲು, ಹೆಂಗೋ ಸಂಭಾಳಿಸಿದ್ಲು. ಇನ್ನ ನಾನೇನ್ ಮಾಡ್ಲಿ!"

ಬೇಸಿಗೆ. ಕರೆಂಟು ಹೋಗುವುದು, ಬರುವುದು. ಹೋದಾಗ ಪೆಟ್ಟಿಗೆಗೆ ಅಂಗಳದ ಜನರೇಟರೇ ಗತಿ. ಅದು ಡಬಡಬ ಬಡಿದರೆ ಓಣಿಗೆಲ್ಲ ತಲೆನೋವು.

"ಅದಕ್ಕೊಂದು ಗೂಡು ಕಟ್ಟೋ. ಸಪ್ಪಳ ಹೊರಗ ಬರಬಾರದು!" ಅಂದಳು ಅವ್ವ.

ಕಟ್ಟಿದ. ನಾಕೂ ಕಡೆ ತಗಡು. ಸಂದಿಗೆಲ್ಲ ಮಣ್ಣು ಮೆತ್ತಿದ. ಸಪ್ಪಳ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಜನರೇಟರೂ ಉಸಿರುಗಟ್ಟಿ ನಿಂತಿತು.

"ಸಪ್ಪಳ ಬಂತೇನಬೇ?"

"ಅಯ್ಯ ಪೆದ್ದಾ! ಅದಕ್ಕೂ ಗಾಳಿ ಬೇಕಲ್ಲೋ! ತೂತು ಕೊರಿ, ಫ್ಯಾನ್ ಹಾಕು!"

ಕೊರೆದ. ಹಾಕಿದ. ಫ್ಯಾನಿನ ವೈರು ತಂದು ಕಂಬದಿಂದ ಬರುವ ಮನೆ ಕರೆಂಟಿಗೆ ಕೊಟ್ಟ. ಕರೆಂಟು ಇರುವತನಕ ಫ್ಯಾನು ಗಿರಗಿರ, ಜನರೇಟರು ಗಪ್‌ಚುಪ್. ಕರೆಂಟು ಹೋಯಿತು. ಜನರೇಟರು ಎದ್ದಿತು, ಫ್ಯಾನು ಮಲಗಿತು! ಗೂಡೆಲ್ಲ ಬೆಂಕಿಯಂಥ ಬಿಸಿ.

ರಿಪೇರಿ ಖಾಸಿಂಸಾಬ ಬಂದು ಹೊಟ್ಟೆ ಹಿಡಿದು ನಕ್ಕ. "ಮಲಗಿದವನಿಗೆ ಗಾಳಿ ಹಾಕಿ ಏನ್ ಬಂತೋ ತಮ್ಮಾ! ಅದು ಓಡುವಾಗ ಫ್ಯಾನ್ ಓಡಬೇಕು. ಜನರೇಟರಿಂದನ ಕರೆಂಟ್ ಕೊಡು!"

"ಆತು ಮಾಮಾ."

ಜನರೇಟರಿಗೆ ಸಾಕೆಟ್ಟು ಒಂದೇ. ಕಾವಿನ ಪೆಟ್ಟಿಗೆಯ ಪಿನ್ನು ಕಿತ್ತ, ಫ್ಯಾನಿನದು ಸಿಕ್ಕಿಸಿದ. ಜನರೇಟರಿಗೆ ಭಾರೀ ತಂಪು. ಅವ್ವ ತತ್ತಿ ಮುಟ್ಟಿ ಕೂಗಿದಳು, "ತತ್ತಿನೂ ಆರಾಕತ್ಯಾವಲ್ಲೋ! ಎರಡೂ ಸಿಗಸೋ, ಎರಡೂ!"

ಯಂಕೋಬ ಖಾಸಿಂಸಾಬನನ್ನು ಕರೆಯಲು ಓಡಿದ. ಖಾಸಿಂಸಾಬ ಎರಡು ಸಾಕೆಟ್ಟಿನ ಬೋರ್ಡು ಹಾಕಿಕೊಟ್ಟ. ಹೋಗುವಾಗ ಅಂದ, "ಕರೆಂಟ್ ಬಂದಮ್ಯಾಲೂ ಗೂಡು ಬಿಸಿ ಇರತೈತಿ. ತಣ್ಣಗಾಗೋತನಕ ಫ್ಯಾನ್ ನಿಲ್ಲಸಬ್ಯಾಡ."

ಮರುದಿನ ಕರೆಂಟು ಹೋಗಿ ಬಂತು. ಯಂಕೋಬ ಗೂಡು ಮುಟ್ಟಿದ. ಬಿಸಿ. ಫ್ಯಾನು ನಿಲ್ಲಬಾರದು. ಫ್ಯಾನು ತಿರುಗಬೇಕಾದರೆ ಜನರೇಟರು ಓಡಬೇಕು. ಓಡಲು ಬಿಟ್ಟ. ಮತ್ತೆ ಮುಟ್ಟಿದ. ಇನ್ನೂ ಬಿಸಿ. ಓಡಲಿ! ಮತ್ತೆ ಮುಟ್ಟಿದ. ಇನ್ನೂ ಬಿಸಿ. ಓಡಲಿ! ಕಡೆಗೆ ಪೆಟ್ರೋಲು ತೀರಿತು. ಆಗಲೇ ಕರೆಂಟೂ ಹೋಯಿತು.

"ಏನ್ ಮಾಡಿದ್ಯೋ!"

"ತಣ್ಣಗ ಮಾಡಾಕತ್ತಿದ್ದೆ ಬೇ."

"ಒಲಿ ಹಚ್ಚಿ ನೀರು ಆರಸ್ತಾರೇನೋ!"

ಅವ್ವ ಇನ್ನೂ ಬೈಯುವವಳಿದ್ದಳು. ಇವನು ತತ್ತಿಗಳ ಮೇಲೆ ಬಗ್ಗಿ ಬಾಯಿಂದ ಬಿಸಿ ಉಸಿರು ಊದುವುದು ಕಂಡಿತು. ಹುಲಿಗೆಮ್ಮ ಹೊದೆಯುತ್ತಿದ್ದ ಕೌದಿ ತಂದಳು. ತತ್ತಿಗಳನ್ನು ಸುತ್ತಿ ಇವನ ಹೊಟ್ಟೆಗೆ ಒತ್ತಿದಳು. "ಅಪ್ಪಿಕೊಂಡು ಕುಂದ್ರು. ಅಲ್ಲಾಡಬ್ಯಾಡ."

ಅಲ್ಲಾಡಲಿಲ್ಲ. ಮೂಗಿನ ಮೇಲೆ ನೊಣ ಕೂತಿತು, ಅಲ್ಲಾಡಲಿಲ್ಲ. ಬೆವರು ಕಣ್ಣಿಗಿಳಿಯಿತು, ಅಲ್ಲಾಡಲಿಲ್ಲ. ಹೊತ್ತು ಇಳಿಯಿತು.

"ಬೇ! ಹೊಟ್ಟಿ ಹೊರಗಿಂದ ಯಾರೋ ಬಡಿಯಾಕತ್ತಾರ!"

ಕೌದಿ ಬಿಚ್ಚಿದರೆ ಒಂದು ತತ್ತಿಗೆ ಬಿರುಕು. ಬಿರುಕಿನಲ್ಲಿ ಕೊಕ್ಕು. ದೀಪ ಹಚ್ಚುವ ಹೊತ್ತಿಗೆ ಕೌದಿ ತುಂಬ ಚಿಂವ್ ಚಿಂವ್.

ಯಂಕೋಬ ಅತ್ತ. ಅವ್ವನೂ ಸೆರಗಿನಲ್ಲಿ ಕಣ್ಣೊರೆಸಿದಳು. "ಇವಕ್ಕ ತಾಯಿ ಇಲ್ಲ ಮಗನ. ತಾಯಿ ಕೋಳಿ ಮಾಡೋದೆಲ್ಲ ಇನ್ನ ನೀನಾ ಮಾಡಬೇಕು."

"ಆತಬೇ."

ಬೆಳಗಾಯಿತು. ಅವ್ವ ರೊಟ್ಟಿ ಹಿಡಿದು ಹೊರಗೆ ಬಂದಳು. ಯಂಕೋಬ ತಿಪ್ಪೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಪರಪರ ಕೆದರುತ್ತಿದ್ದ. ಹಿಂದೆ ಮರಿಗಳ ಹಿಂಡು.

"ಎದ್ದು ಬಾರೋ, ರೊಟ್ಟಿ ತಿನ್ನು!"

ಬಂದ. ರೊಟ್ಟಿ ಇಸಿದುಕೊಂಡ. ಪುಡಿ ಮಾಡಿ ನೆಲಕ್ಕೆ ಚೆಲ್ಲಿದ. ಕೈ ಬೆನ್ನಿಗೆ ಕಟ್ಟಿ, ಬಗ್ಗಿ, ಬಾಯಿಂದಲೇ ಒಂದೊಂದು ಚೂರು ಹೆಕ್ಕಿ ಮರಿಗಳಿಗೆ ತೋರಿಸಿದ. "ಕ್ಕೊ ಕ್ಕೊ," ಅಂದ. "ಹಿಂಗ ನೋಡ್ರಿ. ಹಿಂಗ."