ಪರದೆಯ ಕೆಳಗಿನ ನೆಲ

ಚೆಲುವಯ್ಯ ಮೇಷ್ಟ್ರಿಗೆ ಆಶ್ರಮ ಅಂತೇನೂ ಇರಲಿಲ್ಲ. ಹೊಳೆ ದಂಡೆಯಲ್ಲಿ ಎರಡು ಕೋಣೆಯ ಒಂದು ಮನೆ ಇತ್ತು. ಮೂವತ್ತು ವರ್ಷ ಸಿನಿಮಾ ಕ್ಯಾಮೆರಾ ಹಿಡಿದು, ಸಾಕಾಗಿ, ಅಲ್ಲಿ ಬಂದು ಕೂತಿದ್ದರು.

ಶಿಷ್ಯರು ಅದನ್ನೇ ಆಶ್ರಮ ಎನ್ನುತ್ತಿದ್ದರು. ಅವರು ಬರುತ್ತಿದ್ದದ್ದು ಮಾತ್ರ ಏನಾದರೂ ಕೆಟ್ಟಾಗ.

ಇಂದ್ರೇಶ ಬಂದಾಗ ಬೆಳಗ್ಗೆ ಹತ್ತು ಗಂಟೆ. ಕೈಯಲ್ಲಿ ಮೈಸೂರುಪಾಕಿನ ಡಬ್ಬಿ, ಜೇಬಿನಲ್ಲಿ ಮಡಿಸಿದ ಕಾಗದ. ಮೊದಲು ಡಬ್ಬಿ ಕೊಟ್ಟ.

“ಸಿನಿಮಾ ಐವತ್ತು ದಿನ ಓಡ್ತು, ಮೇಷ್ಟ್ರೇ.”

“ಕೇಳ್ದೆ.”

“ಎಲ್ಲರೂ ಕ್ಯಾಮೆರಾ ಬಗ್ಗೆನೇ ಮಾತಾಡ್ತಿದ್ದಾರೆ.”

“ಅದನ್ನೂ ಕೇಳ್ದೆ. ಬಂದ ವಿಷಯ ಹೇಳು. ಬರೀ ಸ್ವೀಟ್ ಕೊಡೋಕೆ ಇಷ್ಟು ದೂರ ಬರೋ ಪೈಕಿ ಅಲ್ಲ ನೀನು.”

ಇಂದ್ರೇಶ ಕಾಗದ ತೆಗೆದ. ಮೇಷ್ಟ್ರ ಕೈಗೆ ಕೊಡಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡ.

“ನಾಳೆ ಫೈಟರ್‌ಗಳ ಸಂಘದಲ್ಲಿ ವಿಚಾರಣೆ ಇದೆ. ಯಲ್ಲೋಜಿ ವಿಷಯ.”

ಯಲ್ಲೋಜಿ ಆ ಸಿನಿಮಾದಲ್ಲಿ ಎರಡನೇ ಮಹಡಿಯಿಂದ ಹಿಮ್ಮುಖವಾಗಿ ಬಿದ್ದ ಫೈಟರ್. ಬಿದ್ದವನ ಬೆನ್ನುಮೂಳೆ ಮುರಿದಿತ್ತು. ಇನ್ನು ಎದ್ದು ಓಡಾಡುವ ಮಾತಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು.

“ಕಾಗದದಲ್ಲಿ ಏನಿದೆ?”

“ಕಂಪನಿಯವರು ಬರೆಸಿದ್ದಾರೆ. ಕೆಳಗಿದ್ದ ಪೆಟ್ಟಿಗೆಗಳನ್ನ ಯಲ್ಲೋಜಿನೇ ಸ್ವಂತ ಇಚ್ಛೆಯಿಂದ ತೆಗೆಸಿದ ಅಂತ. ಕ್ಯಾಮೆರಾಮನ್ ಆಗಿ ನಾನು ಸಹಿ ಹಾಕಬೇಕು.”

“ಹಾಕಿದ್ರೆ?”

“ತಪ್ಪು ಅವನದು ಅಂತಾಗುತ್ತೆ. ಅವನ ಆಸ್ಪತ್ರೆ, ಔಷಧಿ ಎಲ್ಲ ಅವನೇ ನೋಡ್ಕೋಬೇಕು.”

“ಹಾಕದಿದ್ರೆ?”

“ಸೋಮವಾರ ಹೊಸ ಸಿನಿಮಾ ಶುರು. ಅದು ಬೇರೆಯವನಿಗೆ ಹೋಗುತ್ತೆ. ಆಮೇಲೆ ನನ್ನನ್ನ ಯಾರೂ ಕರೆಯಲ್ಲ.” ಇಂದ್ರೇಶ ತಲೆ ತಗ್ಗಿಸಿದ. “ನಿದ್ದೆ ಬರ್ತಿಲ್ಲ, ಮೇಷ್ಟ್ರೇ. ತಪ್ಪು ನಂದಾ? ನೀವು ಹೇಳಿ. ನೀವು ಹೇಳಿದ ಹಾಗೆ ಮಾಡ್ತೀನಿ.”

ಮೇಷ್ಟ್ರು ಡಬ್ಬಿಯ ಮುಚ್ಚಳ ತೆಗೆದು, ನೋಡಿ, ಮತ್ತೆ ಮುಚ್ಚಿದರು.

“ಮೊದಲು ನಿನ್ನ ಸಿನಿಮಾ ವಿಷಯ ಹೇಳು.”

ಸಿನಿಮಾ ಎಂದ ಕೂಡಲೇ ಇಂದ್ರೇಶನ ಬೆನ್ನು ನೆಟ್ಟಗಾಯಿತು. ಕಲಿತವರ ರೋಗವೇ ಅದು.

“ಮಾತುಕತೆ ಸೀನೆಲ್ಲ ಅಗಲಕ್ಕೆ, ಗಿಡ್ಡಕ್ಕೆ ಇರುತ್ತೆ. ಮೇಲೆ ಕೆಳಗೆ ಕಪ್ಪು ಪಟ್ಟಿ. ಹೊಡೆದಾಟ ಶುರುವಾಯ್ತು ಅಂದ್ರೆ ಎರಡೂ ಪಟ್ಟಿ ಸರಿದು ಹೋಗುತ್ತೆ. ಚಿತ್ರ ಸೂರಿನಿಂದ ನೆಲದವರೆಗೆ ತುಂಬ್ಕೊಳ್ಳುತ್ತೆ. ಅದಕ್ಕೆ ಅಂತಲೇ ದೊಡ್ಡ ಕ್ಯಾಮೆರಾ ತರಿಸಿದ್ದು. ಒಂದೊಂದು ಕಲ್ಲು, ಒಂದೊಂದು ಹುಲ್ಲು ಕಾಣುತ್ತೆ. ಪಟ್ಟಿ ಸರಿಯೋವಾಗ ಜನ ಶಿಳ್ಳೆ ಹೊಡೀತಾರೆ.”

“ಎಷ್ಟು ಸಲ ಸರಿಯುತ್ತೆ?”

“ಒಂಬತ್ತು ಸಲ.”

“ಒಂಬತ್ತೂ ಹೊಡೆದಾಟಕ್ಕೇನಾ?”

“ಹೌದು.”

“ತಾಯಿ ಸಾಯೋ ಸೀನ್ ಒಂದಿದೆಯಲ್ಲ?”

“ಅದು ಗಿಡ್ಡದ್ದರಲ್ಲೇ.”

“ಸರಿ ಬಿಡು. ಸಾಯೋಕೆ ಅಷ್ಟು ಜಾಗ ಸಾಕು.”

ಇಂದ್ರೇಶನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

“ಯಲ್ಲೋಜಿ ಬಿದ್ದದ್ದು ಯಾವುದರಲ್ಲಿ?”

“ದೊಡ್ಡದರಲ್ಲಿ. ಕಟ್ ಇಲ್ಲದೆ ಒಂದೇ ಶಾಟ್. ಮೇಲೆ ಮಹಡಿ, ಕೆಳಗೆ ನೆಲ, ಎರಡೂ ಒಂದೇ ಫ್ರೇಮಿನಲ್ಲಿ. ಬೀಳೋವರೆಗೂ ಕ್ಯಾಮೆರಾ ಕದಲಲ್ಲ.”

“ಗಿಡ್ಡ ಫ್ರೇಮಿನಲ್ಲಿ ತೆಗೆದಿದ್ರೆ ಪೆಟ್ಟಿಗೆ ಎಲ್ಲಿರ್ತಿತ್ತು?”

“ಕೆಳಗಿನ ಪಟ್ಟಿಯ ಹಿಂದೆ. ಮೂರು ಸಾಲು ರಟ್ಟಿನ ಪೆಟ್ಟಿಗೆ, ಮೇಲೆ ದಪ್ಪ ಹಾಸಿಗೆ. ನೀವು ಇಡಿಸ್ತಿದ್ರಲ್ಲ, ಹಾಗೇ.”

“ಪಟ್ಟಿ ತೆಗೆದ ಮೇಲೆ?”

“ಪೆಟ್ಟಿಗೆ ಕಾಣ್ತಿತ್ತು.”

“ಅದಕ್ಕೆ?”

“ತೆಗೆಸ್ದೆ. ಒಂದು ಮೊಳ ಗುಂಡಿ ತೋಡಿಸಿ, ತೆಳ್ಳಗಿನ ಹಾಸಿಗೆ ಹಾಕಿಸಿ, ಮೇಲೆ ಮಣ್ಣು ಹರಡಿಸ್ದೆ.”

“ಫೈಟ್ ಮಾಸ್ಟರ್ ಏನೂ ಅನ್ನಲಿಲ್ವಾ?”

“ಬೇಡ ಅಂದ್ರು. ಪೆಟ್ಟಿಗೆ ಇರಲಿ, ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಿ ಅಂದ್ರು. ಅಳಿಸಿದ್ರೆ ಧೂಳು ಏಳಲ್ಲ, ಮೇಷ್ಟ್ರೇ. ಬಿದ್ದ ಭಾರ ಗೊತ್ತಾಗಲ್ಲ. ಆ ಫ್ರೇಮಿಗೆ ನಿಜವಾದ ನೆಲನೇ ಬೇಕಿತ್ತು.”

“ಯಲ್ಲೋಜಿ?”

“‘ಆಯ್ತು ಸಾರ್’ ಅಂದ. ಅಷ್ಟೇ.”

“ಬಿದ್ದ ಮೇಲೆ?”

ಇಂದ್ರೇಶ ಹೊಳೆಯ ಕಡೆ ನೋಡಿದ.

“ಹತ್ರ ಓಡಿ ಹೋದೆ. ಮಲಗಿದ್ದವನು ನನ್ನನ್ನ ನೋಡಿ ‘ಶಾಟ್ ಓಕೆನಾ ಸಾರ್’ ಅಂದ.”

“ನೀನು?”

“ಓಕೆ ಅಂದೆ.”

ಮೇಷ್ಟ್ರು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ತೀರಾ ಸಾಮಾನ್ಯ ದನಿಯಲ್ಲಿ ಹೇಳಿದರು.

“ನಾನೂ ನೋಡ್ದೆ ನಿನ್ನ ಸಿನಿಮಾನ. ಇಲ್ಲೇ, ನಮ್ಮೂರ ಟಾಕೀಸಿನಲ್ಲಿ.”

ಇಂದ್ರೇಶನ ಮುಖ ಒಂದು ಕ್ಷಣ ಅರಳಿತು. ಅಂಥ ಹೊತ್ತಿನಲ್ಲೂ ಅರಳಿತು, ಏನು ಮಾಡುವುದು.

“ಆ ನೆಲ ಹೇಗೆ ಬಂದಿದೆ, ಮೇಷ್ಟ್ರೇ?”

“ಯಾವ ನೆಲ?”

“ಯಲ್ಲೋಜಿ ಬೀಳೋ ನೆಲ.”

“ನನಗೆ ನೆಲ ಕಾಣಲಿಲ್ಲ. ಮೇಲಿಂದ ಬಂದ, ಕೆಳಗೆ ಮಾಯವಾದ.”

ಇಂದ್ರೇಶ ಎರಡೂ ಕೈಯಲ್ಲಿ ಪರದೆಯ ಆಕಾರ ಮಾಡಿ ತೋರಿಸಿದ.

“ಈ ಟಾಕೀಸಿನಲ್ಲಿ ಅದು ಬರಲ್ಲ. ಇಲ್ಲಿಯ ಪರದೆ ಗಿಡ್ಡ. ಮೇಲೂ ಕೆಳಗೂ ಕತ್ತರಿಸಿ ತೋರಿಸ್ತಾರೆ. ಪೂರ್ತಿ ಕಾಣೋದು ದೊಡ್ಡ ಪರದೆ ಇರೋ ಕಡೆ ಮಾತ್ರ.”

“ಅಂಥದ್ದು ಎಷ್ಟು ಕಡೆ?”

“ನಮ್ಮ ಸಿನಿಮಾಗೆ ಸಿಕ್ಕಿದ್ದು ಎರಡು.”

“ಮಿಕ್ಕಿದ್ದು?”

“ಇನ್ನೂರ ಎಂಬತ್ತು.”

“ಆ ಇನ್ನೂರ ಎಂಬತ್ತು ಕಡೆ ಪೆಟ್ಟಿಗೆ ಇದ್ದಿದ್ರೂ ಯಾರಿಗೂ ಕಾಣ್ತಿರಲಿಲ್ಲ.”

“ಇಲ್ಲ.”

“ಇದು ನಿನಗೆ ಶೂಟಿಂಗ್ ದಿನವೇ ಗೊತ್ತಿತ್ತಾ?”

“ಗೊತ್ತಿತ್ತು.”

ಮೇಷ್ಟ್ರು ಎದ್ದರು. “ಬಾ” ಎಂದು ಹೊಳೆಗೆ ಇಳಿದರು. ಅಲ್ಲಿ ಬಟ್ಟೆ ಒಗೆಯುವ ಜಾಗದ ಪಕ್ಕ ಆಳೆತ್ತರದ ಕಲ್ಲುಕಟ್ಟೆ ಇತ್ತು. ಅದರ ಆಚೆ ಬದಿಗೆ ಹಸಿರು ನೀರು.

“ಹತ್ತು. ಹೊಳೆಗೆ ಬೆನ್ನು ಮಾಡಿ ನಿಂತ್ಕೋ.”

ಇಂದ್ರೇಶ ಚಪ್ಪಲಿ ಬಿಟ್ಟು ಹತ್ತಿ ನಿಂತ.

“ಈಗ ಹಿಂದಕ್ಕೆ ಬೀಳು.”

“ಮೇಷ್ಟ್ರೇ?”

“ನಿನಗೆ ಈಜು ಬರುತ್ತಲ್ಲ. ಬೀಳು.”

“ನೀರು ಎಷ್ಟಿದೆ ಇಲ್ಲಿ?”

“ಇದೆ.”

“ಬಂಡೆ ಗಿಂಡೆ?”

“ನನ್ನ ಮುಖ ನೋಡು. ನಾನು ಸರಿ ಇದೆ ಅಂತ ಹೇಳ್ತಿದ್ದೀನಲ್ಲ.” ಮೇಷ್ಟ್ರು ಬಲಗೈ ಎತ್ತಿ ಹೆಬ್ಬೆರಳು ತೋರಿಸಿದರು.

ಇಂದ್ರೇಶ ಕಣ್ಣು ಮುಚ್ಚಿದ. ಮೈ ಹಿಂದಕ್ಕೆ ವಾಲಿಸಿದ. ಕತ್ತು ತಿರುಗಿಸಿ ಕೆಳಗೆ ನೋಡಿದ. ನೀರಿನ ಒಳಗೆ ಏನಿದೆಯೋ ಗೊತ್ತಾಗಲಿಲ್ಲ. ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟ.

“ಆಗಲ್ಲ, ಮೇಷ್ಟ್ರೇ.”

“ಯಾಕೆ ತಿರುಗಿದೆ?”

“ಕೆಳಗೆ ಏನಿದೆ ಅಂತ ನೋಡದೆ ಹೇಗೆ ಬೀಳೋದು?”

“ಯಲ್ಲೋಜಿ ತಿರುಗಿ ನೋಡಿದ್ನಾ?”

“ಇಲ್ಲ.”

“ಏನು ನೋಡ್ತಿದ್ದ?”

ಇಂದ್ರೇಶ ಕಟ್ಟೆಯ ಕಲ್ಲನ್ನು ಉಗುರಿನಿಂದ ಕೆರೆದ. ಮೇಷ್ಟ್ರು ಕಾದರು.

“ನನ್ನನ್ನ.”

“ನೀನೇನು ಮಾಡ್ತಿದ್ದೆ?”

“ಹೆಬ್ಬೆರಳು ತೋರಿಸ್ತಿದ್ದೆ.”

“ಅದಕ್ಕೂ ಮೊದಲು ಆ ಗುಂಡಿಗೆ ಇಳಿದು ಹಾಸಿಗೆ ಮುಟ್ಟಿ ನೋಡಿದ್ಯಾ?”

“ಇಲ್ಲ. ಮಣ್ಣಿನ ಬಣ್ಣ ಸರಿ ಇದೆಯಾ ಅಂತ ನೋಡಿದ್ದೆ.”

ಹೇಳಿದ ಮೇಲೆ ಆ ಮಾತು ತನಗೇ ಕೇಳಿಸಿತು. ಇಂದ್ರೇಶನಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಕಟ್ಟೆಯಿಂದ ಇಳಿದು ಮೇಷ್ಟ್ರ ಎದುರು ನಿಂತ.

“ಇದನ್ನೆಲ್ಲ ಕಲಿಸಿದ್ದು ಯಾರು? ಫ್ರೇಮಿನೊಳಗೆ ಸುಳ್ಳು ಇರಬಾರದು, ಒಂದು ಹುಲ್ಲುಕಡ್ಡಿನೂ ಸುಳ್ಳಾಗಬಾರದು ಅಂತ ಹೇಳಿದ್ದು ಯಾರು? ಹತ್ತು ವರ್ಷ ನಿಮ್ಮ ಲೆನ್ಸ್ ಪೆಟ್ಟಿಗೆ ಹೊತ್ತೆ. ನೀವು ದಿನಾ ಅದನ್ನೇ ಹೇಳಿದ್ರಿ. ನಾನು ಅದನ್ನೇ ಮಾಡ್ದೆ.”

“ನಾನೇ ಹೇಳಿದ್ದು.”

“ಮತ್ತೆ?”

“ನಾನು ಆ ಮಾತು ಹೇಳ್ತಿದ್ದಾಗಲೆಲ್ಲ ನನ್ನ ಫೈಟರ್‌ಗಳ ಕೆಳಗೆ ಮೂರು ಸಾಲು ಪೆಟ್ಟಿಗೆ ಇರ್ತಿತ್ತು. ಬೆಳಗ್ಗೆ ನಾನೇ ಹತ್ತಿ, ಹಾರಿ, ನೋಡ್ತಿದ್ದೆ. ನೀನು ಬರೋ ಹೊತ್ತಿಗೆ ಅದು ಮುಗಿದಿರ್ತಿತ್ತು.”

“ಅದನ್ನ ಯಾಕೆ ಹೇಳಿಕೊಡಲಿಲ್ಲ?”

ಮೇಷ್ಟ್ರು ನೀರಿನ ಕಡೆ ನೋಡಿದರು. ಎಪ್ಪತ್ತೆಂಟು ವರ್ಷದ ಮುಖ ಆಗ ಇನ್ನೂ ಹಳೆಯದಾಗಿ ಕಂಡಿತು.

“ಹೇಳಿದ್ರೆ ಮಾತಿನ ತೂಕ ಕಮ್ಮಿ ಆಗುತ್ತೆ ಅನ್ನಿಸ್ತಿತ್ತು. ನೀನು ಬಾಯಿ ಬಿಟ್ಕೊಂಡು ಕೇಳ್ತಿದ್ದೆ. ನನಗೆ ಅದು ಹಿತವಾಗ್ತಿತ್ತು.”

ಇಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂತರು. ಆಚೆ ದಡದಲ್ಲಿ ಯಾರೋ ಎಮ್ಮೆಗಳ ಮೈ ತೊಳೆಯುತ್ತಿದ್ದರು. ಬಿಸಿಲು ಏರುತ್ತಿತ್ತು.

“ಕಾಗದದ ವಿಷಯ ಹೇಳಿ, ಮೇಷ್ಟ್ರೇ.”

“ಅದರಲ್ಲಿ ಇರೋದು ನಿಜಾನಾ?”

“ಅಲ್ಲ.”

“ಸುಳ್ಳು ಅಂತ ನಿನಗೆ ಗೊತ್ತು.”

“ಗೊತ್ತು.”

“ಹುಲ್ಲುಕಡ್ಡಿನೂ ಸುಳ್ಳಾಗಬಾರದು ಅನ್ನೋನು ನೀನು.”

“ಸೋಮವಾರ ತಪ್ಪಿದ್ರೆ ನನಗೆ ಇನ್ನು ಯಾರೂ ಕ್ಯಾಮೆರಾ ಕೊಡಲ್ಲ.”

“ಕೊಡಲ್ಲ.”

“ಬೇರೆ ಕೆಲಸ ಗೊತ್ತಿಲ್ಲ ನನಗೆ.”

“ಯಲ್ಲೋಜಿಗೂ ಗೊತ್ತಿಲ್ಲ.”

ಇಂದ್ರೇಶ ಕಾಗದವನ್ನು ತೊಡೆಯ ಮೇಲೆ ಬಿಡಿಸಿದ. ಮಡಿಕೆಗಳನ್ನು ಅಂಗೈಯಿಂದ ಉಜ್ಜಿ ಉಜ್ಜಿ ನೇರ ಮಾಡಿದ. ಬೇಡ ಅಂತ ಒಂದು ಮಾತು ಬಂದೀತು ಎಂದು ಕಾದ. ಬರಲಿಲ್ಲ. ಜೇಬಿನಿಂದ ಪೆನ್ನು ತೆಗೆದ.

“ಸಹಿ ಹಾಕಿದ್ರೆ ನಾನು ನಿಮ್ಮ ಶಿಷ್ಯ ಅಲ್ಲ ಅಂತೀರಾ?”

ಮೇಷ್ಟ್ರು ಸರಿದು ಅವನ ಪಕ್ಕಕ್ಕೆ ಬಂದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ, ಹಾಕಿಕೊಂಡು, ಕಾಗದದ ಮೇಲೆ ಬಗ್ಗಿದರು.

“ನಿನ್ನ ಹೆಸರು ಸ್ವಲ್ಪ ಮೇಲಕ್ಕೆ ಬರಿ, ಇಂದ್ರೇಶ. ಕೆಳಗೆ ನನಗೂ ಜಾಗ ಬೇಕು. ಇವನಿಗೆ ಹೀಗೆ ಕಲಿಸಿದವನು ಅಂತ ನಾನೂ ಸಹಿ ಹಾಕ್ತೀನಿ.”